ಮೇಲಿನ ದೊಣೆ

ಚನ್ನಗಿರಿಯಲ್ಲಿ ಬಸ್ಸು ಹತ್ತಿದಾಗಿನಿಂದ ಪಕ್ಕದ ಸೀಟಿನ ಮುದುಕಿ ಪರಶುರಾಮನ ತೊಡೆಯ ಮೇಲಿದ್ದ ಪೊಟ್ಟಣವನ್ನೇ ನೋಡುತ್ತಿದ್ದಳು. ಎರಡಡಿ ಅಗಲದ ಚೌಕಟ್ಟು. ಹಳೆಯ ಪೇಪರು ಸುತ್ತಿ ಮೇಲೆ ಸುತಲಿ ಬಿಗಿದಿತ್ತು. ಕೊನೆಗೆ ತಡೆಯಲಾರದೆ ‘ದೇವ್ರ ಫೋಟೋನೇನಪ್ಪ?’ ಎಂದು ಕೇಳಿದಳು. ಅಲ್ಲ, ಹಕ್ಕಿಯದು ಎನ್ನಬಹುದಿತ್ತು. ಹಕ್ಕಿ ಎಂದರೆ ಯಾವ ಹಕ್ಕಿ ಎನ್ನುತ್ತಾಳೆ, ಯಾರು ತೆಗೆದದ್ದು ಎನ್ನುತ್ತಾಳೆ, ನಾನೇ ಎಂದರೆ ಹೇಗೆ ತೆಗೆದೆ ಎನ್ನುತ್ತಾಳೆ. ‘ಹೂಂ ಕಣಮ್ಮ’ ಎಂದುಬಿಟ್ಟ. ಮುದುಕಿ ಕೂಡಲೇ ಚಪ್ಪಲಿ ಕಾಲನ್ನು ಸೀಟಿನ ಕೆಳಕ್ಕೆ ಎಳೆದುಕೊಂಡಳು. ಬಸ್ಸು ತಿರುವಿನಲ್ಲಿ ವಾಲಿದಾಗೆಲ್ಲ ಮೊಣಕಾಲು ಪೊಟ್ಟಣಕ್ಕೆ ತಾಗದಂತೆ ಮುದುರಿ ಕೂತಳು; ಒಮ್ಮೆ ತಾಗಿದ್ದಕ್ಕೆ ಅದನ್ನು ಮುಟ್ಟಿ ಬೆರಳನ್ನು ಕಣ್ಣಿಗೊತ್ತಿಕೊಂಡಳು. ದಾವಣಗೆರೆ ಬರುವವರೆಗೂ ಆಕೆ ಹೀಗೆ ಮೈ ಹಿಡಿ ಮಾಡಿಕೊಂಡು ಕೂತದ್ದನ್ನು ನೋಡುತ್ತ ಅವನಿಗೆ ಕಿವಿ ಬಿಸಿಯಾಯಿತು. ಇನ್ನೂ ಹತ್ತು ಗಂಟೆಯಾಗಿಲ್ಲ, ಇವತ್ತಿನ ಮೊದಲ ಸುಳ್ಳು ಆಗಿಹೋಯಿತು ಎಂದುಕೊಂಡ.

ಅಂಗಿಯ ಜೇಬಿನಲ್ಲಿ ನಾಲ್ಕಾಗಿ ಮಡಿಸಿದ ಹಾಳೆಯೊಂದಿತ್ತು. ಫೋಟೋ ಸ್ಪರ್ಧೆಯವರು ಕೊನೆಯ ಸುತ್ತಿಗೆ ಬಂದ ಹತ್ತು ಜನರಿಗೆ ಕಳಿಸಿದ ಹಾಳೆ. ‘ಈ ಚಿತ್ರ ತೆಗೆಯುವಾಗ ಹಕ್ಕಿಗಾಗಲಿ ಅದರ ಗೂಡು, ಮರಿ, ಆಹಾರ, ನೀರಿಗಾಗಲಿ ನಾನು ಯಾವ ಅಡ್ಡಿಯನ್ನೂ ಮಾಡಿರುವುದಿಲ್ಲ’ ಎಂಬ ಸಾಲು. ಅದರ ಕೆಳಗೆ ಅವನ ಸಹಿ. ಅದರ ಕೆಳಗೆ ‘ಸ್ಥಳವನ್ನು ಬಲ್ಲ ಊರಿನವರೊಬ್ಬರ’ ಸಹಿ. ತನ್ನದನ್ನು ನಿನ್ನೆಯೇ ಹಾಕಿದ್ದ, ಗೋವಿನಕೋವಿಯ ಪಶು ಆಸ್ಪತ್ರೆಯಲ್ಲಿ, ಒಂದು ಎಮ್ಮೆಗೆ ಸೂಜಿ ಚುಚ್ಚಿ ಕೈ ತೊಳೆದು ಬಂದು. ಒದ್ದೆ ಬೆರಳಿನ ಗುರುತು ಹಾಳೆಯ ಮೂಲೆಯಲ್ಲಿ ಉಳಿದಿತ್ತು. ಗೂಡು ಎಂದಿರಲಿ, ಮರಿ ಎಂದಿರಲಿ, ಆಹಾರ ಎಂದಿರಲಿ. ನೀರು ಎಂಬುದೊಂದನ್ನು ಆ ಪುಣ್ಯಾತ್ಮರು ಬರೆಯದೆ ಬಿಟ್ಟಿದ್ದರೆ ಅವರ ಗಂಟೇನು ಹೋಗುತ್ತಿತ್ತು? ಬಸ್ಸಿನಲ್ಲಿ ಕೂತು ಅವರ ಮೇಲೆ ಸಿಟ್ಟು ಮಾಡಿಕೊಳ್ಳಲು ನೋಡಿದ. ಸಿಟ್ಟು ಸರಿಯಾಗಿ ಹತ್ತಲಿಲ್ಲ.

ಎರಡನೇ ಸಹಿ ಮಾವನದು. ತಾಯಿಯ ಅಣ್ಣ ಸಣ್ಣತಿಮ್ಮಪ್ಪ, ಜಗಳೂರಿನಿಂದ ಆಚೆ ಕುರುಚಲು ಗುಡ್ಡಗಳ ನಡುವಿನ ಊರಿನವನು. ಆ ಗುಡ್ಡದ ಬಂಡೆಗಳಲ್ಲಿ ಮಳೆನೀರು ನಿಲ್ಲುವ ದೊಣೆಗಳನ್ನು ಮಾವನಷ್ಟು ಬಲ್ಲವರು ಇಲ್ಲ. ಬೇಸಿಗೆಯಲ್ಲಿ ಉಳಿಯುವುದು ಎರಡೇ. ಕೆಳಗಿನದು ತಟ್ಟೆಯಂತೆ ಅಗಲ, ಮೇಲಿನದು ಬಾವಿಯಂತೆ ಆಳ. ಮಾವ ಎಪ್ಪತ್ತರ ವಯಸ್ಸಿನಲ್ಲೂ ಎಲೆ ಕೊಳೆ ತೆಗೆದು ಅವನ್ನು ಚೊಕ್ಕಟವಾಗಿಡುತ್ತಾನೆ. ಅಂಥವನಿಂದ ಸಹಿ ಹಾಕಿಸಿಕೊಳ್ಳಲು ಹೋಗುತ್ತಿದ್ದೇನೆ ಎಂಬುದನ್ನು ಪರಶುರಾಮ ಮೂರು ದಿನದಿಂದ ‘ಮಾವನಿಗೆ ಫೋಟೋ ಕೊಡಲು ಹೋಗುತ್ತಿದ್ದೇನೆ’ ಎಂದೇ ಹೇಳಿಕೊಂಡು ಬಂದಿದ್ದ. ಹೆಂಡತಿ ದುರ್ಗಾಂಬಿಕಾಳಿಗೂ ಹಾಗೆಯೇ ಹೇಳಿದ್ದ. ಅವಳು ಸಂತೋಷಪಟ್ಟು ಮಾವನಿಗೆಂದು ಒಂದು ಪಂಚೆ ಕಟ್ಟಿಕೊಟ್ಟಿದ್ದಳು.

ಚೌಕಟ್ಟು ಹಾಕಿದ ಗುರುಬಸವರಾಜ ಬೆಳಿಗ್ಗೆ ಚನ್ನಗಿರಿಯ ತನ್ನ ಸ್ಟುಡಿಯೋದಲ್ಲಿ ಅದನ್ನು ಗೋಡೆಗೆ ಒರಗಿಸಿ, ನಾಲ್ಕು ಹೆಜ್ಜೆ ಹಿಂದೆ ಸರಿದು, ಸೊಂಟದ ಮೇಲೆ ಕೈಯಿಟ್ಟು ಬಹಳ ಹೊತ್ತು ನೋಡಿದ್ದ. ಸುತ್ತಿನ ತಾಲ್ಲೂಕುಗಳಲ್ಲಿ ಹಕ್ಕಿ ಫೋಟೋ ತೆಗೆಯುವ ಹದಿನಾಲ್ಕು ಮಂದಿಗೆ ಅವನೇ ಗುರು. ಪರಶುರಾಮನಿಗೆ ‘ಹಿಂಭಾಗದ ತಜ್ಞ’ ಎಂದು ಹೆಸರಿಟ್ಟವನೂ ಅವನೇ. ಆರು ವರ್ಷದಿಂದ ಪರಶುರಾಮ ತೆಗೆದ ಚಿತ್ರಗಳಲ್ಲೆಲ್ಲ ಹಕ್ಕಿ ಆಗಲೇ ಬೆನ್ನು ತಿರುಗಿಸಿರುತ್ತಿತ್ತು. ಬಾಲ, ಎರಡು ಕಾಲು, ಮಸುಕಾದ ರೆಕ್ಕೆ. ದೂರದ್ದನ್ನು ಹತ್ತಿರ ಎಳೆಯುವ ಮೊಳದುದ್ದದ ಲೆನ್ಸು ಕೊಂಡ ಮೇಲೂ ಅಷ್ಟೇ. ಮೊದಲು ಸಣ್ಣದಾಗಿ ಬೀಳುತ್ತಿದ್ದ ಹಿಂಭಾಗಗಳು ಈಗ ದೊಡ್ಡದಾಗಿ ಬಿದ್ದವು. ಸಾಸ್ವೆಹಳ್ಳಿಯ ಹೊಳೆದಂಡೆಯಲ್ಲಿ ಎಲ್ಲರೂ ಒಟ್ಟಿಗೆ ಕೂತು ತಿಂಡಿ ತಿನ್ನುವಾಗ ‘ಏನ್ರೀ ತಜ್ಞರೇ, ಇವತ್ತು ಯಾರ ಹಿಂಭಾಗ ಸಿಕ್ತು?’ ಎಂದು ಕೇಳುವುದು, ಎಲ್ಲರ ಜೊತೆ ಅವನೂ ನಗುವುದು. ನಕ್ಕ ಮೇಲೆ ಉಪ್ಪಿಟ್ಟಿನ ತಟ್ಟೆಯನ್ನು ಅರ್ಧಕ್ಕೇ ಬದಿಗಿಡುತ್ತಿದ್ದ. ಇವತ್ತು ಅದೇ ಗುರುಬಸವರಾಜ ‘ಅಲ್ರೀ, ಹನ್ನೆರಡು ಅಡಿ ದೂರದಾಗೆ ಈ ಹಕ್ಕಿ ನಿಂತೈತೆ ಅಂದ್ರೆ ನಾನೇ ನಂಬ್ತಿರ್ಲಿಲ್ಲ. ನೂರಡಿ ಆಚೆ ಎಲೆ ಅಲುಗಿದ್ರೆ ಎದ್ದು ಹೋಗೋ ಜಾತಿ. ಹೆಂಗ್ರೀ ತೆಗೆದ್ರಿ?’ ಎಂದ. ಆರು ವರ್ಷದಲ್ಲಿ ಮೊದಲ ಸಲ ಕೇಳಿದ ಪ್ರಶ್ನೆ. ‘ತಾಳ್ಮೆ’ ಎಂದ ಪರಶುರಾಮ. ಬಸ್ಸು ಹೊರಡುವ ಮೊದಲೇ ಗುರುಬಸವರಾಜ ಆ ಒಂದು ಮಾತನ್ನು ಚಿತ್ರದ ಕೆಳಗೆ ಬರೆದು ವಾಟ್ಸಾಪ್ ಗುಂಪಿಗೆ ಹಾಕಿದ್ದ. ಹನ್ನೊಂದು ಜನ ಕೈ ಮುಗಿದಿದ್ದರು.

ಪುಸ್ತಕದಲ್ಲಿ ಅದಕ್ಕೆ ಸ್ಯಾಂಡ್‌ಗ್ರೌಸ್ ಎಂಬ ಹೆಸರಿದೆ. ಮಾವನ ಹೆಂಡತಿ, ಅತ್ತೆ ಗಾದ್ರಮ್ಮ, ಅದನ್ನು ‘ನೀರು ಹೊರೋ ಹಕ್ಕಿ’ ಎನ್ನುತ್ತಾಳೆ. ನೆಲದ ಮೇಲೆ ಗೌಜಲಕ್ಕಿಯಂತೆ ಕೂರುತ್ತದೆ, ಎದ್ದರೆ ಪಾರಿವಾಳಕ್ಕಿಂತ ಜೋರಾಗಿ ಹಾರುತ್ತದೆ. ಬರಿಯ ಕಲ್ಲುನೆಲದಲ್ಲಿ ಮೊಟ್ಟೆಯಿಡುತ್ತದೆ. ಮರಿಗಳಿಗೆ ಹಾರಲು ಬಾರದು, ಹತ್ತಿರದಲ್ಲಿ ನೀರಿರುವುದಿಲ್ಲ. ಗಂಡುಹಕ್ಕಿ ಬೆಳಗಿನ ಹೊತ್ತು ದೊಣೆಗೆ ಬಂದು, ನೀರಿಗಿಳಿದು, ಹೊಟ್ಟೆಯ ಪುಕ್ಕಗಳನ್ನು ತೋಯಿಸಿಕೊಂಡು ಹಾರಿಹೋಗಿ ನಿಲ್ಲುತ್ತದೆ. ಮರಿಗಳು ಆ ಪುಕ್ಕವನ್ನು ಚೀಪುತ್ತವೆ. ಬಾಲ್ಯದಲ್ಲಿ ಅತ್ತೆ ಇದನ್ನು ಹೇಳಿದಾಗ ಅವನು ನಂಬಿರಲಿಲ್ಲ. ಈಗ ನಂಬಿಕೆಯ ಮಾತೇ ಇಲ್ಲ, ತೊಡೆಯ ಮೇಲೆ ಚೌಕಟ್ಟು ಹಾಕಿಸಿಕೊಂಡು ಕೂತಿದೆ: ಕಾಲು ಅರ್ಧ ನೀರಲ್ಲಿ, ಹೊಟ್ಟೆಯ ಪುಕ್ಕ ಉಬ್ಬಿಸಿ, ಒಂದೊಂದು ಪುಕ್ಕದ ತುದಿಯಲ್ಲೂ ಹನಿ, ಕಣ್ಣು ನೇರ ಕ್ಯಾಮೆರಾದ ಒಳಕ್ಕೆ. ಹಿಂಭಾಗವಲ್ಲ, ಮುಖ.

ಏಪ್ರಿಲ್‌ನಲ್ಲಿ ಮಾವನೇ ಕರೆದುಕೊಂಡು ಹೋಗಿ ಎರಡೂ ದೊಣೆ ತೋರಿಸಿದ್ದ. ಇಬ್ಬರೂ ಪೊದೆಯ ಹಿಂದೆ ಕೂತರು. ಹಕ್ಕಿಗಳು ಬಂದವು, ಕೆಳಗಿನ ದೊಣೆಯ ಮೇಲೆ ಒಂದು ಸುತ್ತು ಹಾಕಿದವು, ಅನುಮಾನ ಬಂದು ಮೇಲಿನ ದೊಣೆಗೆ ಹೋದವು. ಮೇಲಿನದು ಬಂಡೆಯ ಸಂದಿಯಲ್ಲಿದೆ, ಅಲ್ಲಿ ಅಡಗಲು ಜಾಗವಿಲ್ಲ, ಬೆಳಕೂ ಇಲ್ಲ. ಮಾವ ಆಗ ನಕ್ಕು ‘ನಮ್ಮಪ್ಪ ಇದ್ದಿದ್ರೆ ಈಗ ನೀರು ಕಟ್ತಿದ್ದ ನೋಡು’ ಅಂದ. ನೀರು ಕಟ್ಟುವುದೆಂದರೆ ಪರಶುರಾಮನಿಗೆ ಗೊತ್ತಿತ್ತು. ಬೇಸಿಗೆ ರಜೆಗೆ ಬಂದಾಗ ಕಂಡಿದ್ದ: ಅಜ್ಜ ಗುಡ್ಡದ ದೊಣೆಗಳಿಗೆಲ್ಲ ಮುಳ್ಳು ತುಂಬಿ ಮುಚ್ಚುವುದು, ಒಂದನ್ನು ಮಾತ್ರ ತೆರೆದಿಡುವುದು, ಅದರ ಸುತ್ತ ಬಲೆ ಹಾಸುವುದು. ಮೊದಲ ದಿನ ಹಕ್ಕಿ ಬಲೆ ನೋಡಿ ಹೋಗುತ್ತದೆ. ಎರಡನೇ ದಿನವೂ ಹೋಗುತ್ತದೆ. ಮೂರನೇ ದಿನ ಬಲೆ ಕಾಣುತ್ತಿದ್ದರೂ ಬರುತ್ತದೆ. ಜಗಳೂರಿನ ಶಾಲೆಯಲ್ಲಿ ಮೇಷ್ಟ್ರು ‘ನಿಮ್ಮ ಅಜ್ಜ ಹಕ್ಕಿ ಹಿಡಿಯೋರಲ್ವಾ?’ ಎಂದು ತರಗತಿಯ ಎದುರು ಕೇಳಿದಾಗ, ಅಲ್ಲ ಸಾರ್, ಬೇಸಾಯ, ಎಂದಿದ್ದ. ಮಾವ ಮಾತ್ರ ಯಾರಿಗೂ ಸುಳ್ಳು ಹೇಳದೆ, ಅಜ್ಜ ಸತ್ತ ವರ್ಷ ಬಲೆಯನ್ನು ಒಲೆಗೆ ಹಾಕಿ, ದೊಣೆ ಶುಚಿ ಮಾಡಲು ಶುರು ಮಾಡಿದ.

ಮೇ ತಿಂಗಳಲ್ಲಿ ಮಾವನಿಗೆ ಕಣ್ಣಿನ ಆಪರೇಷನ್ ಆಯಿತು. ಅತ್ತೆಯೊಂದಿಗೆ ದಾವಣಗೆರೆಯ ಮಗಳ ಮನೆಯಲ್ಲಿ ಹತ್ತು ಹನ್ನೆರಡು ದಿನ ಇರುತ್ತಾರೆ ಎಂದು ಫೋನಿನಲ್ಲಿ ತಿಳಿದ ಸಂಜೆಯೇ ಪರಶುರಾಮ ಮೂರು ದಿನ ರಜೆ ಹಾಕಿದ. ಮಾವ ಇಲ್ಲದ ದಿನಗಳನ್ನು ಆರಿಸಿಕೊಂಡೆ ಎಂದು ಆಗ ಅವನಿಗೆ ಅನ್ನಿಸಿರಲಿಲ್ಲ, ಅನ್ನಿಸಲು ಬಿಡಲಿಲ್ಲ. ಮೋಟರ್ ಸೈಕಲ್ಲಿನಲ್ಲಿ ಗುಡ್ಡದ ಆಚೆ ಬದಿಯಿಂದ ಬಂದ, ಊರೊಳಗೆ ಕಾಲಿಡಲಿಲ್ಲ. ಮುಳ್ಳು ಕಡಿದರೆ ಅಜ್ಜನ ಕೆಲಸವಾಗುತ್ತದೆಂದು ಅವನು ಮುಳ್ಳು ಕಡಿಯಲಿಲ್ಲ. ಲಸಿಕೆ ಕ್ಯಾಂಪಿಗೆ ಹೋದಾಗ ಔಷಧದ ಡಬ್ಬಿಗಳಿಗೆ ಹೊದಿಸುವ ನೀಲಿ ತಾಡಪಾಲನ್ನು ಮೇಲಿನ ದೊಣೆಯ ಬಾಯಿಗೆ ಬಿಗಿಯಾಗಿ ಹಾಸಿ, ಸುತ್ತಲೂ ಗುಂಡುಕಲ್ಲು ಹೇರಿದ. ಎರಡು ಬೆಳಗು ಹಕ್ಕಿಗಳು ತಲೆಯ ಮೇಲೆ ಕೂಗುತ್ತ ಸುತ್ತಿದವು. ಮೂರನೇ ಬೆಳಗು ಆ ಗಂಡು ಒಂದೇ ಕೆಳಗಿನ ದೊಣೆಯ ಬಳಿ ಇಳಿದು ನಡೆದುಕೊಂಡು ಬಂತು. ಶಟರಿನ ಸದ್ದಿಗೆ ಬೆಚ್ಚಿತು, ಹೋಗಲಿಲ್ಲ. ಅದು ಅವನನ್ನು ನೋಡಿತು. ನೋಡುತ್ತಲೇ ನೀರಿಗೆ ಹೊಟ್ಟೆ ಉಜ್ಜಿತು. ಅವನ ಕಣ್ಣಲ್ಲಿ ನೀರು ಬಂದಿತ್ತು, ಆನಂದದಿಂದ ಎಂದೇ ತಿಳಿದಿದ್ದ. ಚಿತ್ರ ಸರಿಯಾಗಿ ಬಂತೋ ಇಲ್ಲವೋ ಎಂದು ಕ್ಯಾಮೆರಾದ ಪರದೆ ನೋಡುತ್ತಲೇ ಗುಡ್ಡ ಇಳಿದ, ನ್ಯಾಮತಿಯವರೆಗೂ ಹಾಡು ಗುನುಗುತ್ತ ಗಾಡಿ ಓಡಿಸಿದ. ತಾಡಪಾಲು ತೆಗೆಯಲು ಮರೆತಿದ್ದ.

ಮರೆತದ್ದು ನೆನಪಾದದ್ದು ಮಾರನೆಯ ದಿನ, ಒಂದು ಕರುವಿನ ಬಾಯಿಗೆ ಬಾಟಲಿ ಇಟ್ಟಾಗ. ಕರು ಚಪ್ಪರಿಸಿ ಕುಡಿಯುತ್ತಿತ್ತು. ಕೆಳಗಿನ ದೊಣೆಯಲ್ಲಿ ಇನ್ನೆಷ್ಟು ನೀರಿತ್ತು, ಎರಡು ದಿನದ್ದೋ ಮೂರು ದಿನದ್ದೋ? ಗಾಳಿಗೆ ತಾಡಪಾಲು ಹಾರಿಹೋಗಿರುತ್ತದೆ. ಯಾರಾದರೂ ಮೇಕೆ ಕಾಯುವವರು ತೆಗೆದಿರುತ್ತಾರೆ. ಭಾನುವಾರ ಹೋಗಿ ಬರೋಣ. ಭಾನುವಾರ ಹೊನ್ನಾಳಿಯಲ್ಲಿ ಒಂದು ಮದುವೆಯಿತ್ತು. ಊಟದ ಪಂಕ್ತಿಯಲ್ಲಿ ಕೂತು, ಎಲೆಯ ಪಕ್ಕದ ಲೋಟದ ನೀರನ್ನು ಕುಡಿಯದೆ ಬಿಟ್ಟು ಎದ್ದ. ಅದೇ ದೊಡ್ಡ ಪ್ರಾಯಶ್ಚಿತ್ತ ಎಂಬಂತೆ. ಹೋಗಲಿಲ್ಲ.

ಜಗಳೂರಿನಲ್ಲಿ ಬಸ್ಸು ಬದಲಿಸಿ ಮಾವನ ಊರಿನಲ್ಲಿ ಇಳಿದಾಗ ಹನ್ನೆರಡಾಗಿತ್ತು. ಆಗಸ್ಟಿನ ಮೋಡ, ಗುಡ್ಡಕ್ಕೆ ತೆಳ್ಳಗೆ ಹಸಿರು ಬಂದಿತ್ತು. ಒಂದು ಭುಜಕ್ಕೆ ಲೆನ್ಸಿನ ಚೀಲ, ಇನ್ನೊಂದು ಕಂಕುಳಲ್ಲಿ ಚೌಕಟ್ಟು. ಊರಿನವರು ‘ಡಾಕ್ಟ್ರು ಬಂದ್ರು’ ಎಂದು ಎದ್ದು ನಿಂತರು. ಅವನು ಡಾಕ್ಟರಲ್ಲ, ಪಶು ಆಸ್ಪತ್ರೆಯ ಪರೀಕ್ಷಕ ಅಷ್ಟೇ. ಆದರೂ ಇಪ್ಪತ್ತು ವರ್ಷದಲ್ಲಿ ಒಮ್ಮೆಯೂ ತಿದ್ದಿರಲಿಲ್ಲ. ಮಾವನ ಮನೆಯ ಅಂಗಳಕ್ಕೆ ಬಂದವನು ಅಲ್ಲೇ ನಿಂತ. ಮೇಕೆ ರೊಪ್ಪಕ್ಕೆ ಹೊಸ ನೆರಳು ಹಾಕಿದ್ದರು. ನೀಲಿ ತಾಡಪಾಲು. ಒಂದು ಮೂಲೆ ಹರಿದು, ಕಪ್ಪು ದಾರದಲ್ಲಿ ಹೊಲಿದಿತ್ತು. ಹಸುವಿನ ಗಾಯ ಹೊಲಿಯುವ ದಾರ, ಅವನದೇ ಗಂಟು. ನೀಲಿ ಬೆಳಕಲ್ಲಿ ಮಾವ ಕಟ್ಟೆಯ ಮೇಲೆ ಕೂತು ಹುರಿ ಹೊಸೆಯುತ್ತಿದ್ದ. ತಲೆಯೆತ್ತಿ ‘ಬಾರೋ ಪರಶು. ಅಷ್ಟು ದೂರದಾಗೇ ನಿನ್ನ ಮುಖ ಕಾಣ್ತು ನೋಡು. ಬಾಳ ಚೆಂದ ಮಾಡ್ಯಾರಪ್ಪ ಕಣ್ಣು’ ಎಂದ.

ಆ ಹೊಸ ಕಣ್ಣುಗಳು ಚಿತ್ರವನ್ನು ನೋಡುವಾಗ ಪರಶುರಾಮ ಮೇಕೆಗಳನ್ನು ನೋಡುತ್ತಿದ್ದ. ಮಾವ ಅದನ್ನು ಮೊದಲು ದೂರ ಹಿಡಿದ, ಆಮೇಲೆ ಹತ್ತಿರ, ಆಮೇಲೆ ಗಾಜಿನ ಮೇಲೆ ಹಕ್ಕಿಯ ಎದೆಯನ್ನು ಹೆಬ್ಬೆರಳಿನಿಂದ ಮೆಲ್ಲಗೆ ಸವರಿದ. ‘ಅಯ್ಯಯ್ಯ, ಪುಕ್ಕಪುಕ್ಕನೂ ಬಿಡಿಸಿದಂಗೆ ಐತಲ್ಲೋ! ಯಾವಾಗ ತೆಗೆದೆ ಇದನ್ನ?’

‘ಏಪ್ರಿಲ್‌ನಾಗೆ ಮಾವ. ನೀನು ತೋರಿಸಿದ್ದ ಮಾರನೇ ದಿನ ಮತ್ತೆ ಬಂದಿದ್ದೆ.’

‘ಏಪ್ರಿಲ್‌ನಾಗೆ. ಹಂಗಾದ್ರೆ ಆಗ ಇನ್ನೂ ಇತ್ತು ಅದು.’ ಮಾವ ಚೌಕಟ್ಟನ್ನು ತೊಡೆಯ ಮೇಲೆ ಇಳಿಸಿದ. ‘ನಿನಗೆ ಹೇಳ್ಲಿಲ್ಲ ಅಲ್ವಾ. ನಾನು ಆಸ್ಪತ್ರೆಯಿಂದ ಬರಾದ್ರೊಳಗೆ ಯಾರೋ ಮ್ಯಾಲಿನ ದೊಣೆ ಮುಚ್ಚಿದ್ರು ಕಣೋ. ಇಗಾ, ಈ ತಾಡಪಾಲು ಹಾಕಿ. ಕೆಳಗಿಂದು ಒಣಗಿ ಬಿರುಕು ಬಿಟ್ಟಿತ್ತು. ಈಚಲು ಬಂಡೆ ತಾವ ಮೂರು ಮರಿ ಬಿದ್ದಿದ್ವು. ಒಂದರ ಪಕ್ಕ ಒಂದು. ಒಣಗಿ ತರಗೆಲೆ ಆಗಿದ್ವು. ಆಪರೇಷನ್ ಆದ ಮ್ಯಾಲೆ ಈ ಕಣ್ಣಾಗೆ ನಾನು ಚೆಂದಾಗಿ ನೋಡಿದ್ದು ಅದೇ ಮೊದಲು.’

ಏನಾದರೂ ಹೇಳಬೇಕಿತ್ತು. ‘ಯಾರು ಅಂತ ಗೊತ್ತಾಯ್ತಾ?’ ಎಂದು ಪರಶುರಾಮನ ಬಾಯಿ ಕೇಳಿತು.

‘ಇನ್ಯಾರು, ಆ ತಿಪ್ಪೇರುದ್ರ. ನೀರು ನೋಡ್ಕೊಳೋ ಅಂತ ಅವನಿಗೇ ಹೇಳಿ ಹೋಗಿದ್ದೆ. ಹಾಲಿನ ಡೈರಿ ಮುಂದೆ, ಊರೆಲ್ಲ ನಿಂತಿದ್ದಾಗ, ಬಲೆ ಹಾಕಾಕೆ ನಿನಗೆ ನನ್ನ ದೊಣೇನೇ ಬೇಕಿತ್ತೇನೋ ಅಂತ ಕೇಳಿದೆ. ಇಲ್ಲ ಅಂತ ಅಂದ. ಇಲ್ಲ ಅನ್ನದೆ ಹೂಂ ಅಂತಾನಾ? ಅವತ್ತಿಂದ ಅವನ ಮೇಕೇನ ಆ ಕಡೆ ಬಿಡ್ತಿಲ್ಲ.’ ಕೈಯನ್ನು ಪಂಚೆಗೆ ಒರೆಸಿಕೊಂಡು ‘ಅದೇನೋ ಸಹಿ ಹಾಕ್ಬೇಕು ಅಂದ್ಯಲ್ಲ ಫೋನಾಗೆ, ಕೊಡು’ ಎಂದ.

ಆ ಕ್ಷಣದಲ್ಲಿ ಹೇಳಬಹುದಿತ್ತು. ಹಾಳೆಯನ್ನು ಜೇಬಿನಿಂದ ತೆಗೆಯದೇ ಇರಬಹುದಿತ್ತು. ಪರಶುರಾಮ ತೆಗೆದ, ಮಡಿಕೆ ಬಿಡಿಸಿದ, ಕೆಳಗೆ ಊರಲು ಚೌಕಟ್ಟಿನ ಹಿಂಭಾಗವನ್ನೇ ಕೊಟ್ಟ. ಏನು ಬರೆದಿದೆ ಎಂದು ಮಾವ ಕೇಳಿದಾಗ, ಹಕ್ಕಿಗೆ ಏನೂ ತೊಂದರೆ ಮಾಡಿಲ್ಲ ಅಂತ, ಎಂದ. ಮಾವನಿಗೆ ನಗು ಬಂತು. ‘ನೀನು ದನಕರದ ಜೀವ ಉಳಿಸೋನು, ನೀನ್ಯಾಕೆ ತೊಂದ್ರೆ ಕೊಡ್ತೀಯ. ಇದನ್ನೂ ಬರೆಸ್ಕೊಂತಾರಾ?’ ಎನ್ನುತ್ತ, ಕನ್ನಡಕ ಸರಿಮಾಡಿಕೊಂಡು, ನಾಲಿಗೆಯ ತುದಿ ಹೊರಗೆ ಚಾಚಿ, ಒಂದೊಂದೇ ಅಕ್ಷರ ಊರಿ ಊರಿ ಬರೆದ. ಹೊಸ ಕಣ್ಣಿನಲ್ಲಿ ಬರೆಯುವ ಖುಷಿಗೆ ಹೆಸರಿನ ಕೆಳಗೊಂದು ಗೆರೆಯನ್ನೂ ಎಳೆದ. ಪರಶುರಾಮ ಹಾಳೆಯ ಮೇಲೆ ಊದಿ ಮಸಿ ಆರಿಸಿದ. ತಾನು ಎಷ್ಟು ಜೋಪಾನವಾಗಿ ಊದುತ್ತಿದ್ದೇನೆ ಎಂಬುದನ್ನು ಕಂಡು ಅವನಿಗೆ ತನ್ನ ತುಟಿಗಳ ಮೇಲೇ ಹೇಸಿಗೆಯಾಯಿತು.

ಊಟಕ್ಕೆ ಅತ್ತೆ ರೊಟ್ಟಿ, ಹೆಸರುಕಾಳಿನ ಪಲ್ಯ ಬಡಿಸಿದಳು. ಮಾವ ಉಂಡು ಹೊರಗೆ ಹೋದ. ಗಾದ್ರಮ್ಮ ಚೌಕಟ್ಟನ್ನು ಒಮ್ಮೆ ನೋಡಿದವಳು ಎರಡನೇ ಸಲ ನೋಡಿರಲಿಲ್ಲ. ಎದುರಿಗೆ ಕೂತು, ನೀರಿನ ಚೊಂಬನ್ನು ಅವನ ಕಡೆ ತಳ್ಳುತ್ತ ‘ಯುಗಾದಿ ಮುಂದೆ ನಮ್ಮ ಕೆಂದ ಮೇಕೆ ಹೊಟ್ಟೆ ಮುಳ್ಳಿಗೆ ಸೀಳಿದಾಗ ನೀನೇ ಹೊಲಿದೆ, ನೆನಪೈತಾ?’ ಎಂದಳು. ‘ಹತ್ತು ದಿನ ಬಿಟ್ಟು ದಾರ ಕೀಳು ಅಂದಿದ್ದೆ. ಬ್ಲೇಡ್ ಹಿಡಕೊಂಡು ಒಂದೊಂದೇ ಗಂಟು ನಾನೇ ಬಿಚ್ಚಿದ್ದು. ಎರಡು ಸುತ್ತು ಹಿಂಗೆ, ಒಂದು ಸುತ್ತು ಹಂಗೆ. ನಮ್ಮ ಕಡೆ ಯಾರೂ ಹಾಕದಂಥ ಗಂಟು ಅದು.’ ರೊಟ್ಟಿಯ ಚೂರು ಅವನ ಕೈಯಲ್ಲೇ ಉಳಿಯಿತು. ‘ನಿಮ್ಮ ಮಾವ ಆ ತಾಡಪಾಲು ತಂದಾಗ ಮೂಲೆ ನೋಡ್ದೆ. ಅವತ್ತೇ ಗೊತ್ತಾತು.’

‘ಅತ್ತೆ, ಮಾವಗೆ...’

‘ನಾನ್ಯಾಕೆ ಹೇಳ್ಲಿ. ನೀನೇ ಬಂದು ಹೇಳ್ತೀಯ ಅಂತ ಕಾದೆ. ಮೂರು ತಿಂಗಳಾತು. ಇವತ್ತು ನಿನ್ನ ಫೋನ್ ಬಂದಾಗ, ಬಂದ ನೋಡು ನಮ್ಮ ಪರಶು, ಅಂತ ಅಕ್ಕಿ ಆರಿಸೋದು ಬಿಟ್ಟು ಎದ್ದೆ. ನೀನು ಕಾಗದ ತಂದೆ.’ ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಇದ್ದಿದ್ದರೆ ಅವನು ಹೇಗೋ ತಡೆದುಕೊಳ್ಳುತ್ತಿದ್ದ. ‘ತಿಪ್ಪೇರುದ್ರನ ಮೇಕೆ ಎರಡು ದಿನದಿಂದ ಮೇವು ಮುಟ್ಟಿಲ್ಲವಂತೆ. ನಮ್ಮ ಅಂಗಳಕ್ಕೆ ಅವನು ಬರಾಂಗಿಲ್ಲ. ಹೋಗಿ ನೋಡು’ ಎಂದು ತಟ್ಟೆ ಎತ್ತಿಕೊಂಡು ಒಳಗೆ ಹೋದಳು.

ಕಟ್ಟೆಯ ಮೇಲಿದ್ದ ಮಾವನಿಗೆ ಹೋಗಿಬರುತ್ತೇನೆಂದು ಹೇಳಿ, ಪರಶುರಾಮ ಲೆನ್ಸಿನ ಚೀಲ ಹೊತ್ತು ಹೊರಟ. ತಿಪ್ಪೇರುದ್ರನ ಮನೆ ಊರಿನ ಆಚೆ ಬದಿ, ಕಾಲೋನಿಯಲ್ಲಿ. ಮೂವತ್ತರ ಆಸುಪಾಸಿನ ಸಣಕಲು ಆಳು. ಡಾಕ್ಟರೇ ಮನೆಗೆ ಬಂದದ್ದಕ್ಕೆ ಗಾಬರಿಯಾಗಿ ಹಲಗೆ ಒರೆಸಿ ಹಾಕಿದ. ಹೆಂಡತಿ ಮಮತಾ ತೊಟ್ಟಿಲ ಹಗ್ಗ ಹಿಡಿದು ಬಾಗಿಲಲ್ಲೇ ನಿಂತಳು. ಮೇಕೆಗೆ ಬರಿಯ ಹೊಟ್ಟೆಯುಬ್ಬರ. ಎಣ್ಣೆ ಕುಡಿಸಿ, ಹೊಟ್ಟೆ ತಿಕ್ಕಿ, ಎದ್ದು ಕೈ ತೊಳೆಯುವಾಗ ತಿಪ್ಪೇರುದ್ರ ಚೊಂಬು ಹಿಡಿದು ನೀರು ಹಾಕುತ್ತ, ತಗ್ಗಿದ ದನಿಯಲ್ಲಿ, ‘ಸಾರ್, ಒಂದ್ ಮಾತು. ತಿಮ್ಮಪ್ಪಜ್ಜಗೆ ನೀವು ಒಂದ್ ಮಾತು ಹೇಳ್ರಿ’ ಎಂದ. ‘ಆ ದೊಣೆ ಮುಚ್ಚಿದ್ದು ನಾನಲ್ಲ ಸಾರ್. ನೀರು ನೋಡ್ಕೊ ಅಂದಿದ್ರು, ನೋಡ್ಕೊಳ್ಲಿಲ್ಲ, ಅದು ನನ್ನ ತಪ್ಪೇ. ಇವಳಿಗೆ ಹೆರಿಗೆ ನೋವು ಬಂದು ಜಗಳೂರು ಆಸ್ಪತ್ರೆನಾಗೆ ಎಂಟು ದಿನ ಇದ್ದೆ. ಹೇಳಾಕೆ ಹೋದ್ರೆ ಯಾರೂ ಕೇಳ್ಲಿಲ್ಲ. ದೊಡ್ಡ ಮಗಳನ್ನ ಸ್ಕೂಲ್ನಾಗೆ ಬಲೆಯವನ ಮಗಳು ಅಂತ ಕರೀತಾರೆ ಸಾರ್. ಎರಡು ವಾರದಿಂದ ಹೋಗ್ತಿಲ್ಲ ಅವಳು.’

ಬಲೆಯವನ ಮೊಮ್ಮಗ. ಆ ಮಾತನ್ನು ತಪ್ಪಿಸಿಕೊಳ್ಳಲು ಜಗಳೂರಿನ ಶಾಲೆಯಲ್ಲಿ ಅಂದು ಹೇಳಿದ ಸುಳ್ಳು, ಇಷ್ಟು ವರ್ಷ ಊರೂರು ಅಲೆದು, ಈಗ ಯಾರದೋ ಮಗುವಿನ ತಲೆಯ ಮೇಲೆ ಕೂತಿತ್ತು. ‘ನೀನು ಮಾಡಿಲ್ಲ ಅಂತ ನನಗೆ ಗೊತ್ತು’ ಎಂದ ಪರಶುರಾಮ.

ಚೊಂಬಿನ ನೀರು ನಿಂತಿತು. ‘ಹೆಂಗೆ ಗೊತ್ತು ಸಾರ್?’

ಮಮತಾ ತೊಟ್ಟಿಲು ತೂಗುವುದನ್ನು ಬಿಟ್ಟು ಕಾಯುತ್ತಿದ್ದಳು. ‘ನಿನ್ನ ಮುಖ ನೋಡಿದ್ರೆ ಗೊತ್ತಾಗಲ್ವಾ’ ಎಂದುಬಿಟ್ಟ. ಇಬ್ಬರ ಮುಖವೂ ಅರಳಿತು. ತಿಪ್ಪೇರುದ್ರ ಕೈ ಮುಗಿದ. ‘ಇಷ್ಟು ಸಾಕು ಸಾರ್. ಮೂರು ತಿಂಗಳಾಗೆ ಇಂಥ ಮಾತಂದೋರು ನೀವೊಬ್ರೇ’ ಎಂದ. ಬೇಡವೆಂದರೂ ಕೇಳದೆ ಲೆನ್ಸಿನ ಚೀಲವನ್ನು ತಾನೇ ಹೆಗಲಿಗೆ ಹಾಕಿಕೊಂಡು, ಬಸ್ಸಿನವರೆಗೆ ಬರ್ತೀನಿ ಎಂದು ಮುಂದೆ ನಡೆದ. ಪರಶುರಾಮನಿಗೆ ಈಗ ಬೇಕಾದದ್ದು ನಾಲ್ಕು ಗಂಟೆಯ ಬಸ್ಸು, ಅಷ್ಟೇ. ಬಸ್ಸು ಹತ್ತಿದರೆ ಕಿಟಕಿ ಪಕ್ಕ ಕೂತು ಕಣ್ಣು ಮುಚ್ಚಬಹುದು. ಅತ್ತೆ ಮೂರು ತಿಂಗಳು ಬಾಯಿ ಬಿಟ್ಟಿಲ್ಲ, ಮುಂದೂ ಬಿಡಲಾರಳು. ಹೀಗೆ ಲೆಕ್ಕ ಹಾಕುತ್ತಿರುವ ತನ್ನನ್ನು ತಾನೇ ಕಂಡು ನಡಿಗೆ ತಪ್ಪಿ ಎಡವಿದ. ‘ಮೆಲ್ಲಕ ಸಾರ್’ ಎಂದ ತಿಪ್ಪೇರುದ್ರ.

ಬಸ್ಸು ನಿಲ್ಲುವ ಬೇವಿನ ಮರದ ಕೆಳಗೆ ಯಾರೂ ಇರಲಿಲ್ಲ. ‘ಆ ಹಕ್ಕಿ ಫೋಟೋ ಅಜ್ಜಗೆ ಕೊಟ್ರಂತೆ. ನನಗೂ ತೋರಿಸ್ರಿ ಸಾರ್’ ಎಂದ ತಿಪ್ಪೇರುದ್ರ. ಪರಶುರಾಮ ಫೋನು ತೆಗೆದು ತೋರಿಸಿದ. ತಿಪ್ಪೇರುದ್ರ ಅದನ್ನು ಎರಡೂ ಕೈಯಲ್ಲಿ ಹಿಡಿದು ಬೆಳಕಿಗೆ ತಿರುಗಿಸಿ ನೋಡಿದ. ಹುಟ್ಟಿದಾಗಿನಿಂದ ಆ ಗುಡ್ಡದಲ್ಲಿ ಮೇಕೆ ಮೇಯಿಸಿದವನು, ಇಷ್ಟು ಹತ್ತಿರದಿಂದ ಅದನ್ನು ಯಾವತ್ತೂ ಕಂಡಿರಲಿಲ್ಲ. ‘ನಿಮ್ಮನ್ನೇ ನೋಡ್ತಾ ಐತೆ ಸಾರ್. ನನ್ನ ನೆಳ್ಳು ಕಂಡ್ರೆ ಹಾರೋ ಹಕ್ಕಿ, ನಿಮಗೆ ಹೆದರಿಲ್ಲ ನೋಡ್ರಿ! ಒಳ್ಳೆ ಮನುಷ್ಯರು ಯಾರು ಅಂತ ಅವಕ್ಕೂ ತಿಳ್ಯುತ್ತೆ.’

ದೂರದಲ್ಲಿ ಬಸ್ಸಿನ ಹಾರನ್ನು ಕೇಳಿಸಿತು. ಪರಶುರಾಮ ರಸ್ತೆಯನ್ನು ನೋಡುತ್ತಲೇ, ಬೇರೆ ಯಾರಿಗೋ ಹೇಳುವಂತೆ, ‘ಅದಕ್ಕೆ ಹೆದರಿಕೆ ಇತ್ತು ಕಣೋ. ಬಾಳ ಹೆದರಿಕೆ ಇತ್ತು. ನೀರಡಿಕೆ ಅದಕ್ಕಿಂತ ಜಾಸ್ತಿ ಆಗಿತ್ತು’ ಎಂದ.

ತಿಪ್ಪೇರುದ್ರ ನಗುತ್ತಿದ್ದವನು ಪೂರ್ತಿ ನಿಲ್ಲಿಸಲಿಲ್ಲ; ನಗು ಮುಖದ ಮೇಲೆ ಹಾಗೇ ಉಳಿದು, ಅದರ ಕೆಳಗೆ ಮುಖ ಬದಲಾಯಿತು. ಚಿತ್ರವನ್ನು ಮತ್ತೊಮ್ಮೆ ನೋಡಿದ. ಈ ಸಲ ಹಕ್ಕಿಯನ್ನಲ್ಲ, ಅದರ ಕಾಲ ಕೆಳಗಿನ ನೀರನ್ನು, ಅಂಚಿನಲ್ಲಿ ಕೆಸರು ಸೀಳಿದ ಗೆರೆಗಳನ್ನು. ಮೇಕೆ ಕಾಯುವವನಿಗೆ ಅದು ಯಾವ ತಿಂಗಳ ನೀರೆಂದು ಯಾರೂ ಹೇಳಬೇಕಾಗಿರಲಿಲ್ಲ. ಫೋನನ್ನು ಅಂಗಿಯ ಚುಂಗಿನಲ್ಲಿ ಒರೆಸಿ ವಾಪಸು ಕೊಟ್ಟ.

‘ನೀವಾ ಸಾರ್?’

‘ನಾನೇ. ಮುಚ್ಚಿದೆ. ಆಮೇಲೆ ತೆಗೆಯಾಕೆ ಮರೆತೆ. ನೆನಪಾದ ಮೇಲೂ ಬರಲಿಲ್ಲ.’

ಬೈದಿದ್ದರೆ, ಕೊರಳಪಟ್ಟಿ ಹಿಡಿದಿದ್ದರೆ ಆಗುತ್ತಿತ್ತು. ತಿಪ್ಪೇರುದ್ರ ಎರಡನ್ನೂ ಮಾಡಲಿಲ್ಲ. ‘ನಾನು ಹೋಗಿ ಹೇಳಿದ್ರೆ ಯಾರು ನಂಬ್ತಾರೆ ಸಾರ್’ ಎಂದ. ದೂರು ಹೇಳಿದಂತಿರಲಿಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳಿದಂತಿತ್ತು. ಬಸ್ಸು ಬಂದು ನಿಂತಿತು. ಕಂಡಕ್ಟರು ಬಾಗಿಲಲ್ಲಿ ಜೋತು ‘ಜಗಳೂರ್, ಜಗಳೂರ್, ಹತ್ರಿ ಸಾರ್’ ಎಂದು ಕೂಗಿದ. ಪರಶುರಾಮ ಚೀಲಕ್ಕೆ ಕೈ ಚಾಚಿದ. ತಿಪ್ಪೇರುದ್ರ ಕೊಡಲಿಲ್ಲ. ಕಿತ್ತುಕೊಳ್ಳಲೂ ಇಲ್ಲ, ಹೆಗಲ ಮೇಲೆ ಅದನ್ನು ಇನ್ನೊಮ್ಮೆ ಸರಿಯಾಗಿ ಏರಿಸಿಕೊಂಡು, ಒಳಗಿನ ಗಾಜಿಗೆ ಪೆಟ್ಟಾಗದಂತೆ ಒಂದು ಕೈ ಅಡಿಗೆ ಕೊಟ್ಟು, ಊರಿನ ಕಡೆಗೆ ತಿರುಗಿ ನಡೆಯತೊಡಗಿದ. ಇಷ್ಟು ದಿನ ಎದೆಗವಚಿಕೊಂಡು ತಿರುಗಿದ ಆ ಲೆನ್ಸು ಅವನ ಬೆನ್ನ ಮೇಲೆ ತೂಗುತ್ತ ಹೋಗುವುದನ್ನು ಪರಶುರಾಮ ನೋಡಿದ. ಕಂಡಕ್ಟರು ಇನ್ನೊಮ್ಮೆ ಕೂಗಿ, ಬಾಗಿಲು ಬಡಿದು, ಸೀಟಿ ಊದಿದ. ಬಸ್ಸು ಹೋದ ಧೂಳಿನಲ್ಲಿ ಪರಶುರಾಮ ಹಿಂದೆ ಹಿಂದೆ ನಡೆದ. ದಾರಿಯುದ್ದಕ್ಕೂ ತಿಪ್ಪೇರುದ್ರ ತಿರುಗಿ ನೋಡಲಿಲ್ಲ. ಹಾಲಿನ ಡೈರಿಯ ಮುಂದೆ ಸಂಜೆಯ ಹಾಲಿಗೆ ಸೇರಿದ್ದ ಜನ ಮಾತು ನಿಲ್ಲಿಸಿ ಇಬ್ಬರನ್ನೂ ನೋಡಿದರು. ಒಬ್ಬ ‘ಡಾಕ್ಟ್ರೇ, ಯಾಕೆ ತಿರುಗಿ ಬಂದ್ರಿ’ ಎಂದ. ಡಾಕ್ಟರಲ್ಲಪ್ಪ ನಾನು ಎಂದ ಪರಶುರಾಮ. ಕೇಳಿದವನಿಗೆ ಅರ್ಥವಾಗಲಿಲ್ಲ.

ಮಾವನ ಅಂಗಳದ ಅಂಚಿಗೆ ಬಂದು ತಿಪ್ಪೇರುದ್ರ ನಿಂತುಬಿಟ್ಟ. ಅಲ್ಲಿಂದ ಮುಂದೆ ಅವನು ಬರುವಂತಿರಲಿಲ್ಲ. ಪರಶುರಾಮ ಅವನನ್ನು ದಾಟಿಕೊಂಡು ಒಬ್ಬನೇ ಒಳಗೆ ನಡೆದ. ಗಾದ್ರಮ್ಮ ಬಾಗಿಲಿಗೆ ಬಂದಿದ್ದಳು. ಮಾವ ಹುರಿ ಹೊಸೆಯುವುದನ್ನು ಬಿಟ್ಟು, ತಿಪ್ಪೇರುದ್ರನನ್ನು ಕಂಡು ಹುಬ್ಬು ಗಂಟಿಕ್ಕಿ, ಆಮೇಲೆ ಅಳಿಯನ ಮುಖವನ್ನು ತನ್ನ ಹೊಸ ಕಣ್ಣುಗಳಿಂದ ಚೆನ್ನಾಗಿ ನೋಡಿದ.

‘ಯಾಕೋ ಪರಶು, ಬಸ್ ತಪ್ತಾ? ಏನಾದ್ರೂ ಮರೆತು ಹೋದ್ಯಾ?’

‘ಹೂಂ ಮಾವ’ ಎಂದು ಪರಶುರಾಮ ಜೇಬಿನಿಂದ ಹಾಳೆ ತೆಗೆದು ಮಾವನ ಮಡಿಲಲ್ಲಿಟ್ಟ. ‘ದೊಣೆ ಮೇಲೆ ಇದನ್ನ ಮರೆತು ಹೋಗಿದ್ದೆ. ಮೇ ತಿಂಗಳಾಗೆ’ ಎಂದು ಕೈಯೆತ್ತಿ, ತಲೆಯ ಮೇಲಿನ ತಾಡಪಾಲಿನ ಹೊಲಿದ ಮೂಲೆಯನ್ನು ಮುಟ್ಟಿದ.